ತಾಮ್ರಕ್ಕೆ ಹುಣಸೆ

ಪಾಷಾಣ ರಸ್ತೆಯ ನೆಲಮಾಳಿಗೆ. ರಾತ್ರಿ ಎರಡೂಕಾಲು.
ಹೆದ್ದಾರಿಯ ಲಾರಿಗಳು ತೆಳುವಾದ ಮೇಲೆ
ಸೂಜಿಯ ನಡುಕ ನಿಂತಿತು.
ಕಾಲುಂಗುರವನ್ನೂ ತೆಗೆದಿಡು ಎನ್ನುತ್ತಾಳೆ ವೈಜಯಂತಿ ಖಾಸನೀಸ,
ಅರ್ಧ ತಮಾಷೆ.

ಮೂರು ದಿನ ಬೇಯಿಸಿದ ಉಕ್ಕಿನ ಹೊಟ್ಟೆ,
ಒಳಗೆ ಗಾಳಿಯಿಲ್ಲ, ಧೂಳಿಲ್ಲ, ನಮ್ಮ ಉಸಿರಿಲ್ಲ.
ಕಿರುಬೆರಳ ಉಗುರಿನಷ್ಟು ತಾಮ್ರ.
ಆರ್ಗಾನಿನಿಂದ ಬಡಿದು, ಕಾಸಿ, ಮತ್ತೆ ಬಡಿದು
ಹನ್ನೊಂದು ಸಲ ತೊಳೆದಿದ್ದೇವೆ.
ಈಗ ಅದು ಉತ್ತ ಹೊಲ, ಸಾಲಿನ ಪಕ್ಕ ಸಾಲು,
ಕನ್ನಡಿ ಹಿಡಿದರೂ ಅದೇ ಹೊಲ.
ತಾಮ್ರಕ್ಕೆ ಎಡವಿಲ್ಲ, ಬಲವಿಲ್ಲ.

ಅದರ ಮೇಲೆ ಉದುರಿಸಿದ್ದು ಹುಣಸೆಯ ಹುಳಿ.
ನಗಬೇಡಿ. ಬಾಟಲಿಯ ಮೇಲೆ ಟಾರ್ಟಾರಿಕ್ ಎಂದಿದೆ,
ಬೆಲೆ ಜರ್ಮನಿಯದು,
ಆದರೆ ಹುಳಿ ಅದೇ. ಸುತಾರವಾಡಿಯಲ್ಲಿ
ನನ್ನ ಮನೆಯೊಡತಿ ಢಮಢೇರೆ ಆಜಿ
ಶುಕ್ರವಾರ ನಲ್ಲಿಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು
ಹಂಡೆಗೆ ತಿಕ್ಕುವ ಹುಳಿ.

ಹುಣಸೆಮರ ಒಂದೇ ಕೈಯದನ್ನು ಮಾಡುತ್ತದೆ.
ಯಾವ ಹಿತ್ತಿಲ ಮರವಾದರೂ ಅಷ್ಟೆ.
ಅದರ ಕನ್ನಡಿಜೋಡಿ ಬೇಕೆಂದರೆ ಎರಡನೆಯ ಬಾಟಲಿ, ಇನ್ನಷ್ಟು ದುಡ್ಡು.
ಬಾಗಿಲಾಚೆ ಬಿಟ್ಟ ನಮ್ಮ ಚಪ್ಪಲಿಗಳ ಹಾಗೆ ಇವು,
ಹೇಗೆ ತಿರುಗಿಸಿಟ್ಟರೂ
ಎಡದ್ದು ಬಲದ್ದಾಗುವುದಿಲ್ಲ.

ಕಳೆದ ವಾರ ಮರದ್ದು ಮಾತ್ರ.
ಹಳೇ ಫ್ಯಾಕ್ಸಿನ ಹಾಗೆ ಗೆರೆಗೆರೆಯಾಗಿ ಇಳಿಯಿತು ಚಿತ್ರ.
ಮೂರು ಚುಕ್ಕಿ, ಮೂರು ಚುಕ್ಕಿ,
ಆಮೇಲೊಂದು ಖಾಲಿ ಗಲ್ಲಿ, ಮತ್ತೆ ಮೂರು.
ಎಲ್ಲವೂ ಉತ್ತ ಸಾಲಿಗೆ ಓರೆಯಾಗಿ, ಒಂದೇ ಕಡೆ ವಾಲಿ,
ಪಕ್ಕದವರು ಪಕ್ಕದವರಿಗೆ ಪಿಸುಗುಟ್ಟಿದ ಹಾಗೆ.

ಯಾವ ಕಡೆ?
ಪರದೆಯೆದುರು ಪ್ರತಿ ಸಲ ನನ್ನ ಕೈಯನ್ನೇ ನೋಡಿಕೊಳ್ಳುತ್ತೇನೆ,
ಉಣ್ಣುವ ಕೈ ಯಾವುದು ಎಂದು.
ನಮ್ಮ ಮಾತಿನಲ್ಲಿ ಬಲವೆಂದರೆ ಕಸುವು ಕೂಡ.
ಎಡಕ್ಕೆ ಸಿಕ್ಕಿದ್ದು ಎಡವುವುದು, ಎಡವಟ್ಟು.

ಇವತ್ತು ಎರಡನ್ನೂ ಸಮಸಮ ಬೆರೆಸಿದೆವು.
ನಾಲ್ಕು ಗಂಟೆಗೆ ನೋಡಿದರೆ ಬೇರೆ ಬೇರೆ ಕೂತಿವೆ.
ಇತ್ತ ವಾಲಿದವರದೊಂದು ಪೇಟೆ, ಅತ್ತ ವಾಲಿದವರದೊಂದು,
ನಡುವೆ ಯಾರೂ ಇಲ್ಲದ ಪಟ್ಟಿ.
"ಬಘ್, ಬಾಡಿಗೆ ಮನೆ ಹುಡುಕುವಾಗಿನ ಪುಣೆ" ಎಂದಳು ವೈಜಯಂತಿ.
ನನಗೆ ಏಳು ಸೊಸೈಟಿಗಳ ಏಳು ಗೇಟು ನೆನಪಾದವು.
ಆಡನಾವ ಏನು? ಮನೆಯಲ್ಲಿ ಮೀನು ಬೇಯುತ್ತದೆಯೆ?
ನಕ್ಕೆ. ಆಮೇಲೆ ಆ ನಗು ಸರಿಕಾಣಲಿಲ್ಲ.
ಅಣುವಿಗೆ ಅಡ್ಡಹೆಸರಿಲ್ಲ, ಹೇಸಿಗೆಯಿಲ್ಲ.
ಇದರ ಆಮ್ಲಜನಕಕ್ಕೆ ಅದರ ಜಲಜನಕ ಎಟುಕಬೇಕು,
ಎಟುಕದ ಕಡೆ ಕೂರುವುದಿಲ್ಲ, ಮುಗಿಯಿತು.
ಈ ಚಿತ್ರ ತೋರಿಸಿ ಊರಿನ ಗೇಟುಗಳನ್ನು ಸಮರ್ಥಿಸುವವನ ಬಾಯಿಗೆ
ಬಾಟಲಿಯ ತಳದಲ್ಲಿ ಉಳಿದದ್ದನ್ನೆಲ್ಲ ಸುರಿಯಬೇಕು.

ಆರಕ್ಕೆ ಮನೆ. ಶುಕ್ರವಾರ. ನಲ್ಲಿ ಬಿಟ್ಟಿದೆ.
ಆಜಿಯ ಮುಂದೆ ತಾಂಬಟ ಆಳಿಯ ಹಂಡೆ,
ಯಾರದೋ ಸುತ್ತಿಗೆ ಮೈತುಂಬ ಬಿಟ್ಟ ಉಗುರುಗುರುತು,
ಹಬೆಗೆ ಕಪ್ಪಾದದ್ದು ಅವರ ಹೆಬ್ಬೆರಳಿನಡಿ ಕೆಂಪಾಗುತ್ತಿದೆ.
ರಾತ್ರಿಯೆಲ್ಲ ಅಲ್ಲಿ ಏನು ಮಾಡುತ್ತೀ ಎಂದರು, ಐದು ವರ್ಷದಲ್ಲಿ ಮೊದಲ ಸಲ.
ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ ಎನ್ನಲು ಹೋದೆ.
ಮರಾಠಿಯಲ್ಲಿ ಆ ಗಾದೆ ಗೊತ್ತಿರಲಿಲ್ಲ.
"ತಾಮ್ರಕ್ಕೆ ಹುಣಸೆ ಹಚ್ಚುತ್ತೇನೆ, ಆಜಿ."
ಅವರು ನನ್ನ ಕೈಗಳನ್ನು ದಿಟ್ಟಿಸಿದರು.
"ಮೊದಲೇ ಹೇಳಬಾರದೆ? ಒಳಗೆ ಇನ್ನೆರಡಿವೆ, ತಾ."

ತಂದೆ. ಬಲಗೈ ಸೋತಾಗ ಎಡಗೈಯಲ್ಲಿ ತಿಕ್ಕಿದೆ,
ಹೊಳಪಿಗೆ ಗೊತ್ತಾಗಲಿಲ್ಲ.
ಉಗುರಸಂದಿಯಲ್ಲಿ ಒಂದು ನಾರು ಉಳಿದುಬಿಟ್ಟಿದೆ,
ರಾತ್ರಿಯ ಪಾಳಿಯಲ್ಲಿ, ಕೈಗವಸಿನೊಳಗೆ,
ಚುಚ್ಚುತ್ತ.